ಸುಮ್ಮನಾದ ಮಡಕೆ

"ಗುರುಗಳೇ, ಧ್ಯಾನಕ್ಕೆ ಕುಳಿತ ಹೊಸದರಲ್ಲಿ ನನ್ನೊಳಗೆ ಏನೋ ಉಕ್ಕುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು, ಮೈ ನವಿರೇಳುತ್ತಿತ್ತು. ಈಗ ಎಲ್ಲ ನಿಂತುಹೋಗಿದೆ. ಅಟ್ಟದ ಬಾಗಿಲು ಹಾಕಿಕೊಂಡು ಕೂರುತ್ತೇನೆ, ಒಳಗೆ ಸದ್ದೇ ಇಲ್ಲ. ಇದು ಶಾಂತಿಯೋ, ಸೋಲೋ? ಇನ್ನೊಂದು ಮಂತ್ರ ಕೊಡಿ, ಇಲ್ಲವೇ ಒಂದು ಉಪವಾಸ ಹೇಳಿ. ಏನು ಸೇರಿಸಿದರೆ ಅದು ಮತ್ತೆ ಉಕ್ಕೀತು?" ಎಂದು ಗವಿಯಪ್ಪ ಕೇಳಿದ.

ಗವಿಯಪ್ಪ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡ ಸಂಸಾರಸ್ಥ. ಗುರುಗಳು ಅವನನ್ನು ಒಮ್ಮೆ ನೋಡಿ, "ಒಂದು ಬಿಯರಿನ ಕತೆ ಇದೆ, ಕೇಳು" ಎಂದರು. ಗವಿಯಪ್ಪ ಹೌಹಾರಿದ. "ಮೂಗು ಮುಚ್ಚಿಕೊಳ್ಳಬೇಡ. ಕತೆ ಕೇಳಿ ಯಾರಿಗೂ ಅಮಲೇರಿದ್ದಿಲ್ಲ" ಎಂದು ಹೇಳತೊಡಗಿದರು.

ಒಬ್ಬ ಬುಟ್ಟಿ ಹೆಣೆಯುವವನಿದ್ದ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮನೆಯಲ್ಲೇ ಮಾಡಿದ ರಾಗಿಯ ಪಾನೀಯವನ್ನು ಇಡುವುದು ಅವನ ಮನೆತನದ ಪದ್ಧತಿ. ಅವರು ಅದಕ್ಕೆ ಏನೋ ಹೆಸರಿಟ್ಟಿದ್ದರು. ನಿನಗೆ ತಿಳಿಯಲೆಂದು ನಾನು ಬಿಯರು ಎನ್ನುತ್ತೇನೆ. ರಾಗಿಗೆ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಗಂಜಿ ಕಾಯಿಸಬೇಕು. ಅದು ಆರಿದ ಮೇಲೆ ಬೇರು, ಸೊಪ್ಪು ಕುಟ್ಟಿ ಕಟ್ಟಿದ ಹುದುಗಿನ ಉಂಡೆಯನ್ನು ಪುಡಿಮಾಡಿ ಬೆರೆಸಬೇಕು. ಆಮೇಲೆ ಮನುಷ್ಯನಿಗೆ ಕೆಲಸವಿಲ್ಲ. ಮಡಕೆ ತಾನೇ ನೊರೆಯೆದ್ದು ಗುಳುಗುಟ್ಟುತ್ತದೆ. ಮಾಡುವುದು ಒಂದೇ ಒಂದು ಮಡಕೆ, ಮಾರುವುದಕ್ಕಲ್ಲ.

ಆ ಕೆಲಸ ಅವನ ಮನೆಯಾಕೆಯದಾಗಿತ್ತು. ಆ ವರ್ಷದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಉಂಡೆಗೆ ಯಾವ ಬೇರು, ಯಾವ ಸೊಪ್ಪು ಎನ್ನುವುದೂ ಅವಳ ಜತೆಗೇ ಹೋಯಿತು. ಒಲೆಯ ಮೇಲಿನ ನೆಲುವಿನಲ್ಲಿ ಅವಳು ಕಟ್ಟಿದ ಉಂಡೆ ಒಂದೇ ಒಂದು ಉಳಿದಿತ್ತು. ಅವಳ ಕೈಯ ಗುರುತೆಂದು ಆ ಮನೆಯಲ್ಲಿ ಜೀವವಿದ್ದದ್ದು ಅದೊಂದರಲ್ಲೇ. ಅದನ್ನು ಹಾಕಿ ಮಾಡಿ, ಅವಳಿಗೇ ಮೊದಲ ಎಡೆ ಇಟ್ಟು, ತಳದ ಗಸಿಯನ್ನು ಮುಂದಿನ ವರ್ಷಕ್ಕೆ ಹುದುಗಾಗಿ ಎತ್ತಿಡಬೇಕೆಂದು ಅವನು ಆಸೆಪಟ್ಟ.

ಮಡಕೆ ಚೆನ್ನಾಗಿಯೇ ಎದ್ದಿತು. ಅವನು ಬಿದಿರು ಸೀಳುವುದನ್ನು ಬಿಟ್ಟು ಬಂದು ಬಂದು ಮಡಕೆಗೆ ಕಿವಿಯಿಟ್ಟು ಕೇಳುತ್ತಿದ್ದ. ಒಳಗೆ ಯಾರೋ ಮೆಲ್ಲನೆ ಮಾತಾಡಿದಂತೆ ಕೇಳುತ್ತಿತ್ತು. ಅವನಿಗೆ ಅಳುವೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಒಂದು ಬೆಳಿಗ್ಗೆ ಕಿವಿಯಿಟ್ಟರೆ ಸದ್ದಿಲ್ಲ. ನೊರೆ ಇಳಿದಿದೆ. ಹದಕ್ಕೆ ಬಂದು ಆಗಿಹೋಯಿತೋ? ಅರ್ಧಕ್ಕೇ ನಿಂತಿತೋ? ಎಡೆಗೆ ಮುಂಚೆ ಅದು ನಾಲಿಗೆಗೆ ಸೋಕಬಾರದೆಂಬ ಕಟ್ಟಳೆ ಬೇರೆ ಇತ್ತು. ರುಚಿ ನೋಡುವಂತಿಲ್ಲ, ನೋಡದೆ ತಿಳಿಯುವಂತಿಲ್ಲ.

ಊರಲ್ಲಿ ಸಿಕ್ಕಸಿಕ್ಕವರನ್ನು ಕೇಳಿದ. ಸಲಹೆಗೇನು ಬರವೇ? ಕಳ್ಳು ಇಳಿಸುವವನು, ಅದಕ್ಕೆ ಹಸಿವಾಗಿದೆ, ಬೆಲ್ಲ ಹಾಕು ಎಂದ. ಸೋದರತ್ತೆ, ಚಳಿಗೆ ಮುದುಡಿದೆ, ಒಲೆಯ ಪಕ್ಕ ಇಡು ಎಂದಳು. ಇನ್ನೊಬ್ಬ ದೃಷ್ಟಿ ತಾಗಿದೆ ಎಂದ. ಎಲ್ಲರೂ, ಮಡಕೆ ತೋರಿಸು ನೋಡೋಣ ಎಂದೂ ಹೇಳಿದರು. ಅದಕ್ಕೆ ಮಾತ್ರ ಅವನು ಒಪ್ಪಲಿಲ್ಲ. ಅವಳಿದ್ದಾಗ ಹೀಗಾಗುತ್ತಿರಲಿಲ್ಲ ಎಂದು ಯಾರಾದರೂ ಅಂದುಬಿಟ್ಟರೆ ಎಂಬ ಭಯ ಅವನಿಗೆ.

ಬೆಲ್ಲ ಹಾಕಿದ. ಮಡಕೆ ಗುಳುಗುಟ್ಟಿತು. ಹೋದ ಜೀವ ಬಂದಂತಾಯಿತು. ಮತ್ತೆ ಸುಮ್ಮನಾಯಿತು. ಮತ್ತೆ ಬೆಲ್ಲ ಹಾಕಿದ. ಈ ಸಲ ಒಂದಿಷ್ಟು ಮಿಸುಕಾಡಿ ಸುಮ್ಮನಾಯಿತು. ಒಲೆಯ ಪಕ್ಕಕ್ಕೆ ಎಳೆದ, ಕಂಬಳಿ ಹೊದಿಸಿದ, ಕೆಂಡ ಕೆದಕಿದ, ದೃಷ್ಟಿಯನ್ನೂ ತೆಗೆದ. ಮಂತ್ರಕ್ಕಿಂತ ಉಗುಳೇ ಹೆಚ್ಚಾಯಿತು. ಕೊನೆಗೆ, ತಾನು ಏನನ್ನು ಸರಿಮಾಡಲು ಹೊರಟಿದ್ದೇನೆ ಎಂಬುದೇ ಅವನಿಗೆ ತಿಳಿಯದೆ ಹೋಯಿತು.

ಎಡೆಯ ಹಿಂದಿನ ದಿನ ಎದುರುಮನೆಯ ಮುದುಕಿ ತನ್ನ ಬಟ್ಟಲು ಹಿಡಿದು ತಾನಾಗಿಯೇ ಬಂದಳು. "ಯಾಕ್ಲಾ ಮಗಾ, ಈ ವರ್ಸ ನನ್ನ ಕರೀಲೇ ಇಲ್ಲ?"

"ಎಡೆಗೆ ಮುಂಚೆ ಅದು ನಾಲಿಗೆಗೆ ಸೋಕಬಾರದಲ್ವಾ ಅವ್ವಾ?"

"ಮಾಡ್ದೋರ ನಾಲಿಗೆಗೆ ಸೋಕಬಾರದು ಕಣ್ಲಾ. ನನ್ನ ನಾಲಿಗೆಗೇನಾಗೈತೆ? ವರ್ಸ ವರ್ಸ ನೀನು ಸಂತೆಗೆ ಹೋದಾಗ ನಿನ್ನ ಮನೆಯಾಕೆ ನನಗೊಂದು ಬಟ್ಲು ಬಗ್ಗಿಸಿಕೊಟ್ಟು ಕೇಳ್ತಿದ್ಲು. ಸೀ ಉಳಿದಿದ್ರೆ ಇನ್ನೂ ಕೆಲ್ಸ ಬಾಕಿ ಅಂತ. ಸೀ ಹೋಗಿದ್ರೆ ಆಗೋಯ್ತು ಅಂತ."

ಅವನು ಬಗ್ಗಿಸಿಕೊಟ್ಟ. ಮುದುಕಿ ಒಂದು ಗುಟುಕು ಕುಡಿದು ಮುಖ ಕಿವಿಚಿದಳು. ಬರೀ ಬೆಲ್ಲ. ಮಡಕೆಯನ್ನು ಮುಟ್ಟಿ ಚುರ್ರೆಂದು ಕೈ ಹಿಂದೆಗೆದಳು. ಜೀವ ಇರುವುದನ್ನು ಬೇಯಿಸಿಟ್ಟಿದ್ದೀಯಲ್ಲೋ ಎಂದು ಮರುಗಿದಳು. ಅವನು ಒಂದೇ ಒಂದು ಮಾತು ಕೇಳಿದ: "ಮೊದಲ ಸಲ ಸುಮ್ಮನಾಯ್ತಲ್ಲ, ಆಗ ಅದು ಆಗಿತ್ತಾ ಅವ್ವಾ, ನಿಂತಿತ್ತಾ?"

"ಅವತ್ತು ಕರೆದಿದ್ರೆ ಹೇಳ್ತಿದ್ದೆ ಮಗಾ."

ಆ ಬೆಲ್ಲದ ನೀರನ್ನೇ ಅವನು ಎಡೆಗಿಟ್ಟ. ಗಸಿಯನ್ನು ಹೊಸ ಗಂಜಿಗೆ ಬೆರೆಸಿ ದಿನಗಟ್ಟಲೆ ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಅವಳ ಕೈ ಆ ಮನೆಯನ್ನು ಬಿಟ್ಟುಹೋಯಿತು.

ಗುರುಗಳು ಕತೆ ಮುಗಿಸಿದರು. ಗವಿಯಪ್ಪನ ಗೊಂದಲ ಇಮ್ಮಡಿಯಾಯಿತು. ಅವನು ಕೈಮುಗಿದು, "ಹಾಗಾದರೆ ನನ್ನೊಳಗಿನದು ಆಗಿದೆಯೋ, ನಿಂತಿದೆಯೋ? ಬುದ್ಧೀ, ನೀವೇ ನೋಡಿ ಹೇಳಿಬಿಡಿ" ಎಂದ.

"ಅದನ್ನು ನನ್ನನ್ನು ಕೇಳಬೇಡಪ್ಪ, ನಿನ್ನ ರುಚಿಯನ್ನು ದಿನವೂ ಕಾಣುವವಳು ನಾನಲ್ಲ, ಮನೆಗೆ ಹೋಗಿ ನಿನ್ನ ಹೆಂಡತಿಯನ್ನು ಕೇಳು" ಎಂದರು ಗುರುಗಳು.