ಎರಡು ಹಲ್ಲಿನ ಅಂತರ

ನದಿಯ ದಂಡೆಯ ಮೇಲೆ ಒಂದು ಹಳೆಯ ಮಠ. ಮಠದ ಹಿಂದೆ ತಗಡಿನ ಚಪ್ಪರ. ಅಲ್ಲಿ ರಾಚಪ್ಪ ಮಾಸ್ತರರು ಆರು ಮಂದಿ ಹುಡುಗಿಯರಿಗೆ ಸೈಕಲ್ ಓಟ ಕಲಿಸುತ್ತಿದ್ದರು.

“ಊಟ ಮಠದ್ದು, ದಾರಿ ಸರಕಾರದ್ದು, ಕಾಲು ನಿಮ್ಮವು” ಎನ್ನುತ್ತಿದ್ದರು ಮಾಸ್ತರರು. ತಮ್ಮದು ಎಂದು ಅವರು ಇಟ್ಟುಕೊಂಡದ್ದು ಒಂದನ್ನೇ. ಯಾರ ಹಿಂದಿನ ಗಾಲಿಗೆ, ಚೈನು ಕೂರುವ ಎಷ್ಟು ಹಲ್ಲಿನ ಚಕ್ರ ಎಂಬುದನ್ನು ಅವರೇ ಗೊತ್ತು ಮಾಡುತ್ತಿದ್ದರು.

ಚಕ್ರಕ್ಕೆ ಹಲ್ಲು ಹೆಚ್ಚಿದ್ದರೆ ಏರಿನಲ್ಲಿ ಪೆಡಲ್ ಹಗುರ, ಆದರೆ ಹೆಚ್ಚು ಸುತ್ತು ತುಳಿಯಬೇಕು. ಹಲ್ಲು ಕಡಿಮೆಯಿದ್ದರೆ ಸುತ್ತು ಕಡಿಮೆ, ಪ್ರತಿ ಸುತ್ತೂ ಭಾರ.

ಪ್ರತಿ ಸಂಜೆ ಹುಡುಗಿಯರು ಹಿಂದಿನ ಗಾಲಿ ಬಿಚ್ಚಿ ಚಪ್ಪರದ ಗೋಡೆಗೆ ಆನಿಸಿಡಬೇಕು. ಮಾಸ್ತರರು ಅವನ್ನು ಒರೆಸಿ, ಎಣ್ಣೆ ಬಿಟ್ಟು, ಟೈರಿನ ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಅವರ ಅಕ್ಷರ ಕೋಳಿ ಕೆದರಿದ ಹಾಗೆ. ಬೆಳಿಗ್ಗೆ ಹೆಸರು ನೋಡಿ ಗಾಲಿ ಎತ್ತಿಕೊಳ್ಳಬೇಕು. ಹಲ್ಲು ಎಷ್ಟು ಎಂದು ಕೇಳಬಾರದು.

ಸುಗಲಾ ಮೂರು ವರ್ಷ ಕೇಳಲಿಲ್ಲ.

ಆ ವರ್ಷ ರಾಜ್ಯದ ತಂಡದಲ್ಲಿ ಒಂದೇ ಜಾಗ ಖಾಲಿ ಇತ್ತು. ಆರಿಸುವವರು ಬರುವ ಭಾನುವಾರ ಬರುತ್ತಾರೆ. ಸೇತುವೆಯಿಂದ ದಿಬ್ಬದ ನೆತ್ತಿಯ ತನಕ ಏರು. ಮೊದಲು ಮುಟ್ಟಿದವಳು ತಂಡಕ್ಕೆ. ಮುಂದಿನ ವರ್ಷಕ್ಕೆ ಸುಗಲಾಳ ವಯಸ್ಸು ಮೀರುತ್ತಿತ್ತು. ಅವಳಿಗೆ ಇದೇ ಕಡೆಯ ಸಲ.

ಹೀರಾಬಾಯಿಗೆ ಇನ್ನೂ ಎರಡು ವರ್ಷ ಇದ್ದವು. ಹೀರಾ ತಾಂಡಾದ ಹುಡುಗಿ. ಗಿಡ್ಡ ಮೈಕಟ್ಟು, ದಪ್ಪ ತೊಡೆ, ಎತ್ತರದ ದನಿಯ ನಗು. ಮಠಕ್ಕೆ ಬಂದು ಒಂದೇ ವರ್ಷ ಆಗಿತ್ತು. ಇಬ್ಬರ ಹಾಸಿಗೆ ಒಂದರ ಪಕ್ಕ ಒಂದು.

ಹೀರಾ ಈಚೆಗೆ ಏರಿನಲ್ಲಿ ಸುಗಲಾಳನ್ನು ಹಿಂದೆ ಹಾಕತೊಡಗಿದ್ದಳು.

ಅಂದಿನಿಂದ ಸುಗಲಾಳಿಗೆ ಹೀರಾಳ ತಾಟಿನ ರೊಟ್ಟಿ ದೊಡ್ಡದಾಗಿ ಕಂಡಿತು. ಹೀರಾ ಕೆಮ್ಮಿದರೆ ಮಾಸ್ತರರು ತಿರುಗಿ ನೋಡಿದರು. ಸುಗಲಾ ತಾನೂ ಕೆಮ್ಮಿ ನೋಡಿದಳು. ಮಾಸ್ತರರು ತಿರುಗಲಿಲ್ಲ.

ಸೋಮವಾರ ಮಧ್ಯಾಹ್ನ ಎಲ್ಲರೂ ಬಟ್ಟೆ ಒಗೆಯಲು ನದಿಗೆ ಹೋದಾಗ ಅವಳು ಹೀರಾಳ ಸೈಕಲ್ ಮುಂದೆ ಕುಳಿತಳು. ತಲೆಪಿನ್ನಿನ ತುದಿಯಿಂದ ಚಕ್ರದ ಒಂದೊಂದೇ ಹಲ್ಲು ಮುಟ್ಟುತ್ತ ಎಣಿಸಿದಳು. ಆಮೇಲೆ ತನ್ನ ಚಕ್ರದ್ದು.

ಕಣ್ಣಿಗೆ ಎರಡೂ ಒಂದೇ. ಎಣಿಸಿದರೆ ಮಾತ್ರ ಬೇರೆ.

ಅವಳು ನೇರ ಮಾಸ್ತರರ ಹತ್ತಿರ ಹೋದಳು.

“ನನಗ ಇಪ್ಪತ್ತೈದು ಹಲ್ಲಿಂದು ಹಾಕೀರಿ. ಹೀರಾಗ ಇಪ್ಪತ್ತಮೂರರದು.”

“ಎಣಿಸಿದೇನು?”

“ಎಣಿಸಿದೆ.”

“ಸರಿಯಾಗಿ ಎಣಿಸೀದಿ.”

“ಆಕಿಗೆ ಭಾರದ್ದು, ನನಗ ಹಗುರದ್ದು. ಆಕಿ ಗಟ್ಟಿ, ನಾ ಮೆತ್ತಗ. ಹಂಗೇನ್ರಿ?”

“ಹಂಗ ನಾ ಎಲ್ಲಿ ಅಂದೆ?”

“ಮತ್ತ ಯಾಕ?”

ಮಾಸ್ತರರು ಚಿಂದಿಯಿಂದ ಕೈ ಒರೆಸಿಕೊಂಡರು.

“ಸೇತುವೆಯಿಂದ ಬೇವಿನ ಮರದ ತನಕ ಏರು ಐತಲ್ಲ, ನಾಳೆ ಅಷ್ಟರೊಳಗ ಪೆಡಲ್ ಎಷ್ಟು ಸುತ್ತು ತಿರಗತೈತಿ, ಎಣಿಸಿಕೊಂಡು ಬಾ.”

ಮರುದಿನ ಸುಗಲಾ ಬಂದಳು. ಮೈಯೆಲ್ಲ ಬೆವರು.

“ನೂರಾ ಅರವತ್ತೆಂಟು.”

“ಯಾರವು?”

ಸುಗಲಾ ಹಣೆ ಒರೆಸಿಕೊಂಡಳು. ಹ್ಯಾಂಡಲ್‌ನ ಪಟ್ಟಿ ಸರಿಮಾಡಿದಳು.

“ಹೀರಾನವು.”

“ನಿನ್ನವು?”

“ಆಕೀವು ಎಣಿಸೂದ್ರಾಗ ನನ್ನವು ತಪ್ಪಿದವು.”

“ನಾಳೆ ಮತ್ತ ಹೋಗು.”

ಬುಧವಾರ ಅವಳು ಹಲ್ಲು ಕಚ್ಚಿ ತನ್ನ ಕಾಲನ್ನೇ ನೋಡುತ್ತ ಏರಿದಳು. ಅರ್ಧ ಏರಿಗೆ ಬರುವಷ್ಟರಲ್ಲಿ ಹೀರಾ ಪಕ್ಕಕ್ಕೆ ಬಂದಳು. “ಏನಕ್ಕಾ, ಮಂತ್ರ ಹೇಳಾಕತ್ತೀಯೇನು?” ಎಂದು ನಕ್ಕು ಮುಂದೆ ಹೋದಳು. ಅವಳ ಕಾಲು ನಿಧಾನ, ಒಂದೊಂದು ತುಳಿತವೂ ಗಾಣದ ಎತ್ತಿನ ಹೆಜ್ಜೆಯ ಹಾಗೆ. ಸುಗಲಾಳ ಕಣ್ಣು ಆ ಕಾಲಿನ ಮೇಲೆ ನಿಂತಿತು. ಕಣ್ಣು ನಿಂತಲ್ಲಿ ಕಾಲೂ ನಿಂತಿತು. ಅವಳೂ ಹೀರಾಳ ಹಾಗೆಯೇ ನಿಧಾನ ತುಳಿಯತೊಡಗಿ ಹಿಂದೆ ಬಿದ್ದಳು.

“ಎಪ್ಪತ್ತರ ತನಕ ನನ್ನವು ಎಣಿಸಿದೆ. ಆಮ್ಯಾಲ ಆಕಿ ಮುಂದ ಬಂದಳ್ರಿ.”

“ಆಮ್ಯಾಲ?”

“ಆಮ್ಯಾಲ ಆಕೀವು. ಅಲ್ಲಿತನಕ ಆಕಿ ಎಷ್ಟು ತುಳದಿದ್ದಳೋ ಲೆಕ್ಕ ಸಿಗಲಿಲ್ಲ. ಹೊಳ್ಳಿ ಹೋಗಿ ಆಕಿ ಇನ್ನೊಮ್ಮೆ ಏರೂದು ನೋಡಿದೆ. ಇವತ್ತೂ ನೂರಾ ಅರವತ್ತೆಂಟು.”

“ಇನ್ನೊಮ್ಮೆ ನೋಡಿದೇನು! ಅಷ್ಟೇ ಇರಬೇಕವಾ. ಅದೇ ದಾರಿ, ಅದೇ ಚಕ್ರ. ಏರಿನಾಗ ತುಳಿಯೂದು ಬಿಡಾಕ ಬರಂಗಿಲ್ಲ. ಅದರ ಮ್ಯಾಲ ಆನಿ ಕುಂತು ತುಳದರೂ ನೂರಾ ಅರವತ್ತೆಂಟು.”

“ಹಂಗಾದ್ರ ಆ ಚಕ್ರ ನನಗೂ ಕೊಡ್ರಿ. ನಂದೂ ಅಷ್ಟೇ ಆಗತೈತಿ.”

“ನಿನ್ನವು ಎಷ್ಟು ಅಂತ ಇನ್ನೂ ಹೇಳಿಲ್ಲ ನೀ.”

ಸುಗಲಾ ಎದ್ದು ಹೋದಳು. ಆಮೇಲೆ ಎರಡು ದಿನ ಅವಳು ಮಾಸ್ತರರ ಹತ್ತಿರ ಹೋಗಲಿಲ್ಲ.

ಶನಿವಾರ ಸಂಜೆ ಮಠದಲ್ಲಿ ಪ್ರಸಾದದ ಗಂಟೆ ಮೊಳಗಿತು. ಮಾಸ್ತರರು ಆರೂ ಗಾಲಿಗಳಿಗೆ ಹೆಸರು ಬರೆದು, ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದರು. ಹುಡುಗಿಯರೂ ಹೋದರು.

“ಅಕ್ಕಾ, ಬಾ. ಇವತ್ತ ಹುಗ್ಗಿ ಐತಿ” ಎಂದಳು ಹೀರಾ.

“ನೀ ನಡಿ. ಬಂದೆ.”

ಸುಗಲಾ ಓಢಣಿಯ ತುದಿ ನೀರಿನಲ್ಲಿ ಅದ್ದಿ ಎರಡು ಹೆಸರು ಅಳಿಸಿದಳು. ತನ್ನ ಗಾಲಿಯ ಮೇಲೆ ಹೀರಾ ಎಂದು ಬರೆದಳು. ಹೀರಾಳ ಗಾಲಿಯ ಮೇಲೆ ಸುಗಲಾ ಎಂದು ಬರೆದಳು. ಮಾಸ್ತರರ ಹಾಗೆ ಸೊಟ್ಟಗೆ ಬರೆಯಲು ನೋಡಿದಳು. ಕೈ ಕೇಳಲಿಲ್ಲ. ಅವಳ ಅಕ್ಷರ ಯಾವಾಗಲೂ ದುಂಡಗೆ.

ಊಟಕ್ಕೆ ಕುಳಿತಾಗ ಹೀರಾ ತನ್ನ ಹುಗ್ಗಿಯ ಮೇಲಿನ ತುಪ್ಪವನ್ನು ಅವಳ ತಾಟಿಗೆ ಸರಿಸಿದಳು. “ನನಗ ತುಪ್ಪ ಸೇರಂಗಿಲ್ಲ, ಗೊತ್ತಲ್ಲ.”

ಸುಗಲಾಳಿಗೆ ಗೊತ್ತಿತ್ತು. ಸೇರದಿದ್ದರೂ ಬಡಿಸುವ ಅಜ್ಜಿ ಅವಳಿಗೇ ಹೆಚ್ಚು ಹಾಕುತ್ತಾಳೆ ಎಂಬುದೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ನದಿಯಿಂದ ಜಳಕ ಮುಗಿಸಿ ಬಂದು ಹುಡುಗಿಯರು ಗಾಲಿ ಎತ್ತಿಕೊಂಡರು.

ಹೀರಾ ತನ್ನ ಹೆಸರಿನ ಗಾಲಿ ಹಿಡಿದು ಒಂದು ಗಳಿಗೆ ನಿಂತಳು. ಹೆಬ್ಬೆರಳಿನಿಂದ ಟೈರಿನ ಮೇಲಿನ ದುಂಡನೆಯ ಅಕ್ಷರ ಸವರಿದಳು. ಆಮೇಲೆ ಅದನ್ನು ಸೈಕಲ್ಲಿಗೆ ಸಿಕ್ಕಿಸಿ ಚೈನು ಕೂಡಿಸಿದಳು.

ಸುಗಲಾ ಆ ಕಡೆ ನೋಡದೆ ತನ್ನ ಹೆಸರಿನ ಗಾಲಿ ಕೂಡಿಸಿದಳು.

“ಅಕ್ಕಾ.”

ಸುಗಲಾ ಬೆಚ್ಚಿದಳು. ಹೀರಾ ಹತ್ತಿರ ಬಂದಿದ್ದಳು. ಕೈಯಲ್ಲಿ ಒಂದು ಶೇಂಗಾ ಉಂಡಿ. ಅದನ್ನು ಎರಡು ಪಾಲು ಮಾಡಿದಳು.

“ತಗೋ. ಖಾಲಿ ಹೊಟ್ಟಿಲೆ ಏರಬ್ಯಾಡ.”

ಯಾವ ಪಾಲು ದೊಡ್ಡದು ಎಂದು ಸುಗಲಾ ನೋಡಿದಳು. ತನಗೆ ಕೊಟ್ಟದ್ದೇ ದೊಡ್ಡದು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಆರಿಸುವವರಲ್ಲಿ ಒಬ್ಬರು ಸೇತುವೆಯ ಹತ್ತಿರ ನಿಂತು ಸೀಟಿ ಊದಿದರು.

ಮೊದಲ ಹತ್ತು ತುಳಿತಕ್ಕೇ ಸುಗಲಾಳಿಗೆ ತಿಳಿಯಿತು. ಗಾಲಿ ಕಾಲಿಗೆ ಕೂಡಿಕೊಂಡಿತ್ತು. ಉಸಿರು ಎಳೆದಲ್ಲಿ ಬಂತು, ಬಿಟ್ಟಲ್ಲಿ ಹೋಯಿತು. ಇದನ್ನೇ ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದರು ಎಂದುಕೊಂಡಳು. ಸಂತೋಷವಾಯಿತು. ಹೊಟ್ಟೆ ಇನ್ನೂ ಉರಿಯಿತು. ಇಂಥದ್ದರ ಮೇಲೆ ಕುಳಿತರೆ ಯಾರು ತಾನೇ ನಗುವುದಿಲ್ಲ?

ಹೀರಾ ಹಿಂದೆ ಇದ್ದಳೋ ಪಕ್ಕದಲ್ಲಿ ಇದ್ದಳೋ, ಅವಳು ನೋಡಲಿಲ್ಲ. ನೋಡುವ ಅಗತ್ಯ ಕಾಣಲಿಲ್ಲ. ಹೀರಾಳದ್ದು ಏನಿತ್ತೋ ಅದು ಈಗ ತನ್ನ ಕೆಳಗೇ ಇತ್ತು.

ನೋಡಲು ಬೇರೇನೂ ಇಲ್ಲದ್ದರಿಂದ ಅವಳು ತನ್ನ ಸುತ್ತು ಎಣಿಸಿದಳು. ಬೇವಿನ ಮರದ ತನಕ ಒಂದೂ ತಪ್ಪಲಿಲ್ಲ.

ದಿಬ್ಬದ ನೆತ್ತಿಯನ್ನು ಅವಳೇ ಮೊದಲು ಮುಟ್ಟಿದಳು. ಎರಡು ಸೈಕಲ್ ಉದ್ದ ಹಿಂದೆ ಹೀರಾ.

ಹೀರಾ ಏದುಸಿರು ಬಿಡುತ್ತ ಸೈಕಲ್ ಮೇಲೆಯೇ ಬಾಗಿದಳು. ನಗಲು ನೋಡಿದಳು. ಉಸಿರು ಸಾಲಲಿಲ್ಲ.

“ಇವತ್ತ ನನ್ನ ಕಡೆ ಒಮ್ಮೆನೂ ನೋಡಲಿಲ್ಲಲ್ಲ ಅಕ್ಕಾ ನೀ” ಎಂದಳು.

ಆರಿಸುವವರು ಸುಗಲಾಳ ಹೆಸರು ಬರೆದುಕೊಂಡು ಹೋದರು.

ಮಧ್ಯಾಹ್ನ ಸುಗಲಾ ಚಪ್ಪರಕ್ಕೆ ಬಂದಳು. ಮಾಸ್ತರರು ಒಬ್ಬರೇ ಕುಳಿತು ಸೀಮೆಎಣ್ಣೆಯಲ್ಲಿ ಚೈನು ತೊಳೆಯುತ್ತಿದ್ದರು. ಅವಳು ಕಾಲಿಗೆ ನಮಸ್ಕಾರ ಮಾಡಿದಳು. ಎದ್ದು ನಿಂತಳು. ಹೋಗಲಿಲ್ಲ.

“ಒಂದು ಮಾತು ಹೇಳೂದೈತ್ರಿ.”

“ಹೇಳು.”

“ಇವತ್ತ ನಾ ಏರಿದ್ದು ಹೀರಾನ ಗಾಲಿ ಮ್ಯಾಲ. ನಿನ್ನೆ ಸಂಜಿಗೆ ಹೆಸರು ಅಳಿಸಿ ಅದಲು ಬದಲು ಬರದೆ.”

ಮಾಸ್ತರರು ಚೈನಿನ ಒಂದೊಂದು ಕೊಂಡಿಯನ್ನೂ ಬ್ರಷ್ಷಿನಿಂದ ತಿಕ್ಕುತ್ತಲೇ ಇದ್ದರು.

“ತಪ್ಪು ಮಾಡೀನಿ, ಒಪ್ಪತೀನಿ. ಖರೆ, ಗೆದ್ದೆನೋ ಇಲ್ಲೋ? ಯಾವ ಚಕ್ರ ಗೆಲ್ಲತೈತಿ ಅಂತ ನಿಮಗ ಮೊದಲೇ ಗೊತ್ತಿತ್ತು. ಅದನ್ನ ಆಕಿಗೆ ಕೊಟ್ರಿ. ನಿನ್ನೆ ಮೊನ್ನೆ ಬಂದಾಕಿ ಆಕಿ. ನಾ ಮೂರು ವರ್ಷ ನಿಮ್ಮ ಕೈಯಾಗ ದುಡದೀನಿ. ನಾ ನಿಮಗ ಏನು ಕಡಿಮಿ ಮಾಡಿದ್ದೆ, ಮಾಸ್ತರ?”



ಮಾಸ್ತರರು ಚೈನನ್ನು ಎತ್ತಿ ಹಿಡಿದು ನೋಡಿದರು. ಮತ್ತೆ ಡಬ್ಬಿಯಲ್ಲಿ ಇಳಿಸಿದರು.

“ಬೇವಿನ ಮರದ ತನಕ ಎಷ್ಟು ಸುತ್ತು?”

“ಈಗ್ಯಾಕ ಅದು?”

“ನಾ ಕೇಳಿ ಆರು ದಿನ ಆತು.”

“ನೂರಾ ಎಂಬತ್ಮೂರು.”

“ಯಾರವು?”

“ನನ್ನವು. ಇವತ್ತ ನನ್ನವೇ ಎಣಿಸೀನಿ. ಒಂದೂ ತಪ್ಪಿಲ್ಲ. ನೂರಾ ಎಂಬತ್...”



ಅದೇ ದಾರಿ. ಅದೇ ಚಕ್ರ. ಆನೆ ಕುಳಿತು ತುಳಿದರೂ ನೂರಾ ಅರವತ್ತೆಂಟು.

ಸುಗಲಾ ತಲೆಯಿಂದ ಪಿನ್ನು ಕಿತ್ತುಕೊಂಡು ಹೊರಗೆ ಓಡಿದಳು. ತನ್ನ ಸೈಕಲ್ ಮುಂದೆ ಕುಳಿತು ಹಲ್ಲು ಎಣಿಸಿದಳು. ನಂಬಿಕೆಯಾಗಲಿಲ್ಲ. ಮೊದಲ ಹಲ್ಲಿಗೆ ಉಗುಳು ಹಚ್ಚಿ ಗುರುತು ಮಾಡಿ ಇನ್ನೊಮ್ಮೆ ಎಣಿಸಿದಳು.

ಇಪ್ಪತ್ತೈದು.

ಅವಳು ನಿಧಾನವಾಗಿ ಒಳಗೆ ಬಂದಳು. ಕೈಯಲ್ಲಿ ಪಿನ್ನು ಹಾಗೆಯೇ ಇತ್ತು.

“ಯಾವಾಗ ಬದಲಿ ಮಾಡಿದ್ರಿ?”

“ಮುಂಜಾನೆ. ನೀವೆಲ್ಲ ಜಳಕಕ್ಕ ಹೋದಾಗ. ಆಕಿ ಚಕ್ರ ಬಿಚ್ಚಿ ಆಕಿ ಹೆಸರಿನ ಗಾಲಿಗೆ ಹಾಕಿದೆ, ನಿಂದು ಬಿಚ್ಚಿ ನಿನ್ನ ಹೆಸರಿನ ಗಾಲಿಗೆ.”

“ನಿಮಗ ಹ್ಯಾಂಗ ಗೊತ್ತಾತು?”

“ನನ್ನ ಅಕ್ಷರ ಅಷ್ಟು ಚಂದ ಇಲ್ಲವಾ.”

ಅವಳ ಮುಖಕ್ಕೆ ನಗು ಬಂದಂತಾಗಿ ಹೋಯಿತು.

“ಅಂದ್ರ ನಾ ಗೆದ್ದದ್ದು...”

“ನಿನ್ನ ಚಕ್ರದ ಮ್ಯಾಲ.”

ಸುಗಲಾ ನೆಲದ ಮೇಲೆ ಕುಳಿತಳು. ಹೊರಗೆ ನದಿಯ ಕಡೆಯಿಂದ ಹುಡುಗಿಯರ ಗದ್ದಲ ಕೇಳುತ್ತಿತ್ತು. ಎಲ್ಲರ ದನಿಯ ಮೇಲೆ ಹೀರಾಳ ನಗು.

ಪಿನ್ನನ್ನು ತಲೆಗೆ ಸಿಕ್ಕಿಸಿಕೊಂಡು ಅವಳು ಕೇಳಿದಳು.

“ಹೆಸರು ಯಾಕ ಅಳಿಸಲಿಲ್ಲ? ಚಕ್ರ ಬದಲಿ ಮಾಡಿದವರು ಹೆಸರೂ ನೀವೇ ಬರೀಬಹುದಿತ್ತಲ್ಲ.”

“ಚಕ್ರ ನಾ ಹಾಕಿದ್ದು. ನಾ ಸರಿ ಮಾಡಿದೆ. ಹೆಸರು ನಾ ಬರದದ್ದಲ್ಲ.”

ಸುಗಲಾ ತಲೆ ತಗ್ಗಿಸಿದಳು. ನಗು ಹತ್ತಿರ ಹತ್ತಿರ ಬರುತ್ತಿತ್ತು. ಹುಡುಗಿಯರು ಬಟ್ಟೆ ಹಿಂಡಿಕೊಂಡು ದಂಡೆ ಏರುತ್ತಿದ್ದರು.

“ಮಾಸ್ತರ, ನಿಮ್ಮ ಪಾದ ಮುಟ್ಟತೀನಿ. ಹೀರಾಗ ಮಾತ್ರ ಹೇಳಬ್ಯಾಡ್ರಿ. ಆಕಿ ಮುಂದ ನನಗ ಮುಖ ಎತ್ತಾಕ ಆಗಂಗಿಲ್ಲ.”

“ನಾ ಹೇಳಂಗಿಲ್ಲ.”

ಮಾಸ್ತರರು ಚೈನನ್ನು ಸೀಮೆಎಣ್ಣೆಯಿಂದ ತೆಗೆದು ಮೊಳೆಗೆ ತೂಗುಹಾಕಿದರು. ಹನಿ ನೆಲಕ್ಕೆ ಬೀಳುವುದನ್ನು ನೋಡುತ್ತ ನಿಂತರು.

“ಆಕಿಗೆ ಓದಾಕ ಬರತೈತಿ, ತಂಗಿ.”