ನೀರಿಲ್ಲ ಎಂಬ ಬಾವಿ

ಆಸ್ಟ್ರೇಲಿಯಾದ ದಕ್ಷಿಣದ ಕಡಲತೀರ ಬಿಟ್ಟು ಒಳನಾಡಿನ ಕಡೆಗೆ ಎರಡು ಹಗಲು ಕಾರು ಓಡಿಸಿದರೆ ಡಾಂಬರು ಮುಗಿದು ಕೆಂಪು ಮಣ್ಣಿನ ದಾರಿ ಶುರುವಾಗುತ್ತದೆ. ಆ ದಾರಿಯಲ್ಲಿ ಇನ್ನೂ ಅರ್ಧ ದಿನ ಹೋದ ಮೇಲೆ, ಮರವೆಂಬ ಮರವಿಲ್ಲದ ಬಯಲಿನ ನಡುವೆ ಒಂದು ತಗಡಿನ ಫಲಕ ನಿಂತಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಅಲ್ಲಿನ ಹೆಸರನ್ನು ಆ ದೇಶದವರು ನಾಲಗೆ ಹೊರಳಿಸಿ ‘ನೆರಿಲಾ’ ಎಂದು ಓದುತ್ತಾರೆ. ನಮ್ಮವರು ಓದಿದರೆ ಮಾತ್ರ ಅದು ಇದ್ದಂತೆಯೇ ಬಾಯಿಗೆ ಬರುತ್ತದೆ: ನೀರಿಲ್ಲ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಮೂಲನಿವಾಸಿಗಳ ಮಾತಿನಲ್ಲಿ ಸಿಹಿನೀರು ಎಂದರ್ಥ’ ಎಂದು ಬರೆದಿದ್ದಾರೆ. ಸಿಹಿನೀರಂತೆ! ಬರೆದ ಪುಣ್ಯಾತ್ಮ ಯಾರೋ, ಯಾರನ್ನು ಕೇಳಿ ಬರೆದನೋ. ಫಲಕದ ಹಿಂದೆ ಕಬ್ಬಿಣದ ಜಾಲರಿ ಮುಚ್ಚಿದ ಹಳೆಯ ಬಾವಿಯೊಂದಿದೆ. ಅದರ ಪೂರ್ವಕ್ಕೆ ಸಾಲಾಗಿ ಏಳು ಕಲ್ಲುಗುಪ್ಪೆಗಳಿವೆ. ಬಾವಿಯ ಕಟ್ಟೆಗೆ ಒತ್ತಿದಂತೆ ಒಂದು ಕಬ್ಬಿಣದ ಗೂಟ, ಅದರ ಬಳಿ ಕಿಲುಬು ಹಿಡಿದು ಹಸಿರಾದ ತಾಮ್ರದ ಬಿಂದಿಗೆ. ಅಂಥ ಬಿಂದಿಗೆ ಆ ದೇಶದಲ್ಲಿ ಬೇರೆಲ್ಲೂ ಕಾಣುವುದಿಲ್ಲ.

ಆ ದೇಶದ ವಿಸ್ತಾರ ಹೇಳಿದರೆ ನಂಬುವುದು ಕಷ್ಟ. ನಮ್ಮ ಕರ್ನಾಟಕದಂಥ ನಾಡುಗಳನ್ನು ಒಂದರ ಪಕ್ಕ ಒಂದರಂತೆ ನಲವತ್ತು ಹಾಸಬಹುದು. ಜನಸಂಖ್ಯೆ ನೋಡಿದರೆ ಇವತ್ತಿಗೂ ನಮ್ಮ ಕರ್ನಾಟಕದ ಅರ್ಧದಷ್ಟಿಲ್ಲ. ಇರುವವರೂ ರೊಟ್ಟಿಯ ಅಂಚಿಗೆ ಮುತ್ತಿದ ಇರುವೆಗಳ ಹಾಗೆ ಕಡಲಂಚಿಗೇ ಅಂಟಿಕೊಂಡಿದ್ದಾರೆ. ನಡುವಿನದೆಲ್ಲ ಕಾದ ಹಂಚು. ಅಲ್ಲಿಯವರಲ್ಲಿ ಬಹುಪಾಲು ಜನ ತಾವಾಗಿಯೋ, ತಾತ ಮುತ್ತಾತಂದಿರ ಕಾಲದಲ್ಲೋ ಹಡಗು ಹತ್ತಿ ಬಂದವರು. ಮೊದಮೊದಲು ಕೈಕೋಳ ತೊಡಿಸಿ ತಂದ ಕೈದಿಗಳು, ಆಮೇಲೆ ಕುರಿ ಮೇಯಿಸುವವರು, ಆಮೇಲೆ ಚಿನ್ನದ ಆಸೆಗೆ ಬಿದ್ದವರು, ಹಸಿವಿಗೆ ಹೆದರಿ ಓಡಿಬಂದವರು. ಇವರೆಲ್ಲ ಬರುವುದಕ್ಕೆ ಮುಂಚೆ ಎಣಿಕೆಗೆ ಸಿಗದಷ್ಟು ಕಾಲದಿಂದ ಆ ನೆಲದಲ್ಲಿ ಜನವಿತ್ತು. ಪ್ರತಿ ಗುಡ್ಡಕ್ಕೂ ಹಳ್ಳಕ್ಕೂ ಹೆಸರಿತ್ತು. ಬಂದವರು ಆ ಹೆಸರುಗಳಲ್ಲಿ ಕೆಲವನ್ನು ಅಳಿಸಿದರು, ಕೆಲವನ್ನು ತಪ್ಪಾಗಿ ಬರೆದುಕೊಂಡರು. ಈ ಬಾವಿಯ ಹೆಸರು ಮಾತ್ರ ಎರಡೂ ಅಲ್ಲ. ಅದು ಮಧುಗಿರಿ ಸೀಮೆಯಿಂದ ಹೋದ ಹೆಸರು ಎನ್ನುತ್ತಾರೆ.

ಹಿಂದೆ ಒಮ್ಮೆ, ನಮ್ಮ ಸೀಮೆಯ ದಂಡುಗಳಿಗೆ ಆ ದೇಶದ ಕುದುರೆಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದ ಕಾಲದಲ್ಲಿ, ಮಧುಗಿರಿಯ ಹತ್ತಿರ ಗೂಳಯ್ಯನೆಂಬ ಬಾವಿ ತೋಡುವವನಿದ್ದನು. ನೆಲ ಮೂಸಿ ನೀರು ಹೇಳುತ್ತಾನೆಂದು ಅವನ ಖ್ಯಾತಿ. ‘ಗೂಳಯ್ಯನ ಬಾವಿಗೆ ನೀರಿಲ್ಲವೆಂಬ ಮಾತಿಲ್ಲ’ ಎಂದು ಸುತ್ತಿನ ಹದಿನಾರು ಹಳ್ಳಿಗಳಲ್ಲಿ ಗಾದೆಯೇ ಆಗಿಹೋಗಿತ್ತು. ಆ ಕಡೆಯ ಬಾವಿಯವರಲ್ಲಿ ಒಂದು ಕಟ್ಟಳೆ ಇತ್ತು. ತೋಡಿದ ಬಾವಿ ನೀರು ಕೊಡದಿದ್ದರೆ, ತೋಡಿದವನೇ ತನ್ನ ಕೈಯಾರೆ ಪಕ್ಕದಲ್ಲಿ ಗೂಟ ನೆಟ್ಟು ಅದರ ಮೇಲೆ ಒಂದು ಬಿಂದಿಗೆಯನ್ನು ಬೋರಲು ಹಾಕಬೇಕು. ದೂರದಿಂದ ಬರುವ ದಾರಿಹೋಕರು ಬೋರಲು ಬಿಂದಿಗೆ ಕಂಡರೆ ಅತ್ತ ಕಾಲಿಡದೆ ಮುಂದಿನ ನೀರಿಗೆ ನಡೆಯುತ್ತಿದ್ದರು. ಬಾವಿಯವನಿಗೆ ಅದಕ್ಕಿಂತ ಅವಮಾನ ಬೇರೊಂದಿಲ್ಲ. ಗೂಳಯ್ಯನಿಗೆ ಆ ಅವಮಾನ ಒಮ್ಮೆಯೂ ಬಂದಿರಲಿಲ್ಲ. ಅವನ ಹೆಂಡತಿ ಕೆಂಚಮ್ಮ, ‘ನಿನ್ನ ಕೈಗೆ ಬೋರಲು ಹಾಕೋದೇ ಗೊತ್ತಿಲ್ಲ ಬಿಡು, ನಮ್ಮನೆ ಬಿಂದಿಗೆ ಕವುಚಿಡೋಕೂ ನಾನೇ ಬರಬೇಕು’ ಎಂದು ಅವನನ್ನು ಆಡಿಕೊಳ್ಳುತ್ತಿದ್ದಳಂತೆ.

ಕುದುರೆ ಹಡಗಿನವನೊಬ್ಬ ಈ ಖ್ಯಾತಿ ಕೇಳಿ ಅವನನ್ನು ಮದ್ರಾಸಿನಲ್ಲಿ ಹಡಗು ಹತ್ತಿಸಿದನು. ಆಸ್ಟ್ರೇಲಿಯಾದಲ್ಲಿ ಆಗ ಒಳನಾಡಿಗೆ ಜನ ತುಂಬಬೇಕೆಂದು ಸರ್ಕಾರ ಹೊಸ ದಾರಿ ಅಳೆಸುತ್ತಿತ್ತು. ಅಳತೆಯ ದೊರೆಯ ಹೆಸರು ಪೆಂಡರ್. ದಾರಿಯುದ್ದಕ್ಕೂ ಮೂರು ದಿನದ ನಡಿಗೆಗೊಂದು ಬಾವಿ ತೋಡಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ದಾರಿ ಹೊರಡುವಲ್ಲೇ ತೋಡಿದ ಮೊದಲನೆಯದೂ ಸೇರಿ ಗೂಳಯ್ಯನ ಮೂರು ಬಾವಿಗಳಲ್ಲಿ ನೀರು ಬಂತು. ನಾಲ್ಕನೆಯದಕ್ಕೆ ಪೆಂಡರ್ ದೊರೆ ತಾನೇ ಜಾಗ ಗೊತ್ತುಮಾಡಿದನು. ದಾರಿ ನೇರವಾಗಿ ಹೋಗಬೇಕಲ್ಲ! ಅವರ ಜೊತೆಗೆ ಆ ನೆಲದ ಮುದುಕನೊಬ್ಬ ದಾರಿ ತೋರಿಸಲು ಬಂದಿದ್ದನು. ಸತ್ತವರ ಹೆಸರು ಹೇಳಬಾರದೆಂಬುದು ಅವನ ಜನರ ಕಟ್ಟಳೆ. ಅವನ ಹೆಸರು ಬರೆದಿಡದವರಿಗೆ ಅದೊಂದು ನೆಪವಾಯಿತು. ಗುದ್ದಲಿ ಬೀಳುವ ಮೊದಲೇ ಮುದುಕ ತಲೆಯಾಡಿಸಿದ್ದನು. ಗೂಳಯ್ಯನ ಮೂಗೂ ಬೇಡವೆಂದೇ ಹೇಳಿತ್ತು. ಆದರೂ ಅವನೊಳಗಿನ ಜಂಬ ಸುಮ್ಮನಿರಬೇಕಲ್ಲ. ‘ನಾನು ತೋಡಿದರೆ ಬರದೇ ಇರುತ್ತದೆಯೇ’ ಎಂದು ಇಳಿದೇಬಿಟ್ಟನು.

ಹತ್ತೊಂಬತ್ತು ದಿನ ತೋಡಿದನು. ಇಳಿಯಲು ಹತ್ತಲು ಊರಿನ ರೀತಿಯಲ್ಲೇ ಗೋಡೆಯ ಎರಡು ಕಡೆ ಕಾಲೂರುವ ಗೂಡುಗಳನ್ನು ಕೊರೆದನು. ಹನ್ನೆರಡು ಆಳು ಆಳಕ್ಕೆ ಹೋದರೂ ಬುಟ್ಟಿಯಲ್ಲಿ ಮೇಲೆ ಬಂದದ್ದು ಒಣ ಮಣ್ಣು. ಸಂಜೆಯಾದರೆ ಪೆಂಡರ್ ದೊರೆ ಮೇಲಿನಿಂದ ಕೂಗಿ ಕೇಳುವನು. ಮನುಷ್ಯ ಸೋತಾಗ ಬರುವುದು ತಾಯಿಯ ಮಾತೇ ಅಲ್ಲವೇ, ಕೆಳಗಿನಿಂದ ಗೂಳಯ್ಯ ‘ನೀರಿಲ್ಲ! ನೀರಿಲ್ಲ ದೊರೆ!’ ಎಂದು ಕೂಗುವನು. ಹುಟ್ಟಿದಾಗಿನಿಂದ ತನ್ನ ಬಾವಿಯ ಬಗ್ಗೆ ಆಡದ ಮಾತನ್ನು ಅವನು ಹತ್ತೊಂಬತ್ತು ಸಂಜೆ ಆಡಿದನು. ಪೆಂಡರ್ ಅಷ್ಟರಲ್ಲಿ ದೂಳಿನ ಕಣ್ಣುಬೇನೆ ತಗುಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದನು. ಬಾವಿಯೊಳಗಿನ ಕೂಗು ಅವನಿಗೆ ಬರೀ ಗುಂಯ್‌ಗುಟ್ಟುವ ಸದ್ದಾಗಿ ಕೇಳುತ್ತಿತ್ತು. ಕೊನೆಯ ದಿನ, ಸ್ಥಳೀಯ ಹೆಸರಿದ್ದರೆ ಅದನ್ನೇ ನಕ್ಷೆಯಲ್ಲಿ ಬರೆಯಬೇಕೆಂಬ ನಿಯಮ ನೆನಪಾಗಿ, ನೆಲಕ್ಕೆ ಕೋಲು ತಟ್ಟಿ, ‘ಈ ಜಾಗಕ್ಕೆ ಏನನ್ನುತ್ತಾರೆ?’ ಎಂದು ಮುದುಕನನ್ನು ಕೇಳಿದನು. ಈ ಪರದೇಶಿಗಳು ತಮ್ಮ ಗುಂಡಿಯ ಹೆಸರು ಕೇಳುತ್ತಿದ್ದಾರೆಂದು ಮುದುಕ ತಿಳಿದನು. ಹತ್ತೊಂಬತ್ತು ಸಂಜೆ ಕೇಳಿ ಕೇಳಿ ಅದು ಅವನಿಗೆ ಬಾಯಿಪಾಠವಾಗಿತ್ತು. ‘ನೀರಿಲ್ಲ’ ಎಂದನು. ದೊರೆ ಬರೆಸಿಕೊಂಡನು. ಪಕ್ಕದಲ್ಲಿ ಬಾವಿಯ ಗುರುತಾದ ನೀಲಿ ಸುತ್ತನ್ನೂ ಹಾಕಿಸಿದನು. ಒಣಬಾವಿಗೆ ಆ ನಕ್ಷೆಯಲ್ಲಿ ಬೇರೆ ಗುರುತಿರಲಿಲ್ಲ. ಮುಂದೆ ಕಣ್ಣು ಪೂರಾ ಹೋಗಿ ಅವನು ತನ್ನ ದೇಶಕ್ಕೆ ಮರಳಿದನು.

ಓದು ಬಾರದ ಗೂಳಯ್ಯನಿಗೆ ಇದೊಂದೂ ತಿಳಿಯದು. ಹೊರಡುವ ಬೆಳಿಗ್ಗೆ ಅವನು ಒಂದು ಗೂಟ ನೆಟ್ಟನು, ತಗಡಿನ ಬಕೀಟನ್ನು ಕೈಗೆ ತೆಗೆದುಕೊಂಡನು. ಬೋರಲು ಹಾಕಲು ಕೈ ಬರಲಿಲ್ಲ. ‘ಈ ಕಾಡಿನಲ್ಲಿ ಬೋರಲು ಬಿಂದಿಗೆಯ ಅರ್ಥ ತಿಳಿದವರು ಯಾರಿದ್ದಾರೆ? ನಾಳೆ ಬಂದು ಇನ್ನೆರಡಾಳು ತೋಡಿದರಾಯಿತು’ ಎಂದು ತನಗೆ ತಾನೇ ಹೇಳಿಕೊಂಡು ಗೂಟವನ್ನೂ ಕಿತ್ತು ಗಾಡಿಗೆ ಎಸೆದನು. ಅವನು ಮಾಡಿದ ತಪ್ಪು ಅಷ್ಟೇ. ಅಷ್ಟೇ ಅನ್ನುವುದು ಹೇಗೆ?

ಎರಡು ವರ್ಷ ಉತ್ತರದಲ್ಲಿ ಬೇರೆ ಬಾವಿಗಳನ್ನು ತೋಡಿ, ತನಗೊಂದು ಗುಡಿಸಲಿಗೆ ಜಾಗ ಸಿಕ್ಕಿದ ಮೇಲೆ ಗೂಳಯ್ಯ ಕಾಗದ ಬರೆಸಿ ಕೆಂಚಮ್ಮನನ್ನು ಕರೆಸಿಕೊಂಡನು. ರೈಲು ಮುಗಿಯುವ ಊರಿನಲ್ಲಿ ಕಾದಿರಬೇಕೆಂದೂ, ತಾನೇ ಬಂದು ಕರೆದೊಯ್ಯುವೆನೆಂದೂ ತಿಳಿಸಿದ್ದನು. ಹಡಗು ಹದಿನೈದು ದಿನ ಮುಂಚೆ ಬಂದಿತು. ಅದೇ ಹೊತ್ತಿಗೆ ಐರ್ಲೆಂಡಿನಿಂದ ಬಂದ ಏಳು ಜನರ ತಂಡವೊಂದು ಮೂರು ಎತ್ತಿನಗಾಡಿಗಳಲ್ಲಿ ಹೊಸ ದಾರಿ ಹಿಡಿದು ಉತ್ತರಕ್ಕೆ ಹೊರಟಿತ್ತು. ಭಾಷೆ ಬಾರದ ಹೆಂಗಸು ಒಂಟಿಯಾಗಿ ಕೂತಿರುವುದನ್ನು ಕಂಡು, ಉತ್ತರದಲ್ಲಿರುವ ಬಾವಿಯವನ ಹೆಂಡತಿಯೆಂದು ಊರವರಿಂದ ತಿಳಿದು, ಅವರು ಕರುಣೆಯಿಂದಲೇ ಅವಳನ್ನೂ ಹತ್ತಿಸಿಕೊಂಡರು. ಗೂಳಯ್ಯ ಹಳೆಯ ದಾರಿಯಲ್ಲಿ ದಕ್ಷಿಣಕ್ಕೆ ಬಂದು ಮುಟ್ಟಿದಾಗ ಅವರು ಹೊರಟು ಐದು ದಿನವಾಗಿತ್ತು.

ಅವನಿಗೆ ಗಾಬರಿಯೇನೂ ಆಗಲಿಲ್ಲ; ನಾಲ್ಕನೆಯ ಒಣಗುಂಡಿಯನ್ನು ಯಾರೂ ಬಾವಿಯೆಂದು ನಕ್ಷೆಗೆ ಏರಿಸಿರಲಾರರೆಂದು ನಂಬಿದ್ದನು. ತನ್ನ ಬಾವಿಗಳ ದಾರಿಯಲ್ಲೇ ಹೆಂಡತಿ ಹೋಗಿದ್ದಾಳೆಂದು ಹಿಗ್ಗಿದನು. ಜಮೀನು ಕಚೇರಿಯ ಗುಮಾಸ್ತನ ಮುಂದೆ ನಿಂತು ನಗುತ್ತಾ, ‘ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಸ್ವಾಮಿ? ಯಾವ್ಯಾವ ಬಾವಿ ಮೇಲೆ ಹೋಗ್ತಾರೆ, ಒಂದಿಷ್ಟು ಓದಿ ಹೇಳಿ’ ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದನು. ಗುಮಾಸ್ತ ಬೆರಳಿಟ್ಟು ಒಂದೊಂದೇ ಓದಿದನು. ನಾಲ್ಕನೆಯದು ಕಿವಿಗೆ ಬಿದ್ದೊಡನೆ ಗೂಳಯ್ಯ ಮೇಜಿನ ಮೇಲೆ ಬಗ್ಗಿದನು.

‘ಏನಂದ್ರಿ?’

‘ನೆರಿಲಾ. ಇಲ್ಲಿನ ಕಾಡುಜನರ ಮಾತು. ಒಳ್ಳೆಯ ನೀರು ಅಂತ ಅರ್ಥವಂತೆ.’

‘ಅಯ್ಯೋ, ಅದು ನನ್ನ ಮಾತು ಸ್ವಾಮಿ! ನಾನು ಆಡಿದ್ದು! ಅಲ್ಲಿ ನೀರಿಲ್ಲ!’

ಗುಮಾಸ್ತ ನಕ್ಕನು. ‘ನಿನ್ನ ದೇಶದ ಮಾತು ನಮ್ಮ ನಕ್ಷೆಗೆ ಹೇಗಯ್ಯಾ ಬಂದೀತು?’ ಎಂದನು.

ಗೂಳಯ್ಯ ಸಿಕ್ಕ ಒಂದು ಒಂಟೆಗೆ ನಾಲ್ಕು ಚರ್ಮದ ಚೀಲ ನೀರು ಹೇರಿ ಓಡಿದನು. ಗಾಡಿಗಳು ಒಂಬತ್ತು ದಿನದಲ್ಲಿ ಸವೆಸುವ ದಾರಿಯನ್ನು ಅವನು ಆರು ದಿನದಲ್ಲಿ ಸವೆಸಿದನು. ದಾರಿಯುದ್ದಕ್ಕೂ ಅವನ ಮನಸ್ಸಿಗಿದ್ದದ್ದು ಒಂದೇ ಧೈರ್ಯ: ಆ ತಂಡದಲ್ಲಿ ಆ ಹೆಸರಿನ ಅರ್ಥ ತಿಳಿದವಳು ಒಬ್ಬಳಿದ್ದಾಳೆ. ಕೆಂಚಿ ಕೇಳಿಸಿಕೊಂಡಿರುತ್ತಾಳೆ, ಕೇಳಿಸಿಕೊಂಡರೆ ಬಿಡುವವಳಲ್ಲ, ಗಾಡಿಯ ಮುಂದೆ ಮಲಗಿಯಾದರೂ ತಡೆಯುತ್ತಾಳೆ.

ಬಯಲಿನಲ್ಲಿ ಗಾಡಿಗಳು ನೊಗ ಕಳಚಿ ನಿಂತಿದ್ದವು. ಎತ್ತುಗಳು ಬಿದ್ದಿದ್ದವು. ಗಾಡಿಯ ನೆರಳಿನಲ್ಲಿ ಆರು ಜನ ಸತ್ತು ಬಿದ್ದಿದ್ದರು. ಬ್ರಿಜಿಟ್ ಎಂಬ ಹೆಂಗಸೊಬ್ಬಳಲ್ಲಿ ಮಾತ್ರ ಉಸಿರಾಡುತ್ತಿತ್ತು. ಕೆಂಚಮ್ಮ ಕಾಣಲಿಲ್ಲ. ಗೂಳಯ್ಯ ಬಾವಿಗೆ ಬಗ್ಗಿ ಕೂಗಿದನು, ಅವನ ಕೂಗೇ ಅವನಿಗೆ ತಿರುಗಿ ಬಂತು. ತಾನೇ ಕೊರೆದ ಗೂಡುಗಳಲ್ಲಿ ಕಾಲಿಟ್ಟು ಇಳಿದನು. ಅವಳು ತಳದಲ್ಲಿ ಗೋಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಊರಿನಿಂದ ತಂದ ತಾಮ್ರದ ಬಿಂದಿಗೆ. ಕೈಯಿಂದ ಕೆರೆದು ಮೊಣಕಾಲುದ್ದ ಗುಂಡಿ ತೋಡಿದ್ದಳು, ಉಗುರುಗಳೆಲ್ಲ ಕಿತ್ತುಹೋಗಿದ್ದವು. ಮೈ ತಣ್ಣಗಾಗಿತ್ತು.

ನಾಲ್ಕು ದಿನ ಹನಿಹನಿ ನೀರು ಕುಡಿಸಿದ ಮೇಲೆ ಬ್ರಿಜಿಟಳ ಊದಿದ ನಾಲಗೆ ಇಳಿದು ಮಾತು ಬಂತು. ಅವಳು ಗೂಳಯ್ಯನಿಗೆ ಹೇಳಿದ್ದಿಷ್ಟು: ಹಿಂದಿನ ಬಾವಿಯ ಹತ್ತಿರ ತಂಡದ ಯಜಮಾನ ನಕ್ಷೆಯಲ್ಲಿ ಮುಂದಿನ ಹೆಸರು ಓದಿದಾಗ ನಿನ್ನ ಹೆಂಡತಿ ಎದ್ದು ನಿಂತಳು. ‘ನೀರಿಲ್ಲ, ನೀರಿಲ್ಲ’ ಎಂದು ಕೈಯಾಡಿಸಿದಳು, ನೆಲಕ್ಕೆ ಕೂತುಬಿಟ್ಟಳು. ಗಂಡ ತೋಡಿದ ಬಾವಿಯ ಹೆಸರು ಕೇಳಿ ಸಂಭ್ರಮ ಪಡುತ್ತಿದ್ದಾಳೆಂದು ನಾವೆಲ್ಲ ಚಪ್ಪಾಳೆ ತಟ್ಟಿ, ನಾವೂ ಅವಳ ಜೊತೆಗೆ ಅದನ್ನೇ ಕೂಗಿದೆವು. ಎತ್ತಿ ಗಾಡಿಯಲ್ಲಿ ಕೂರಿಸಿದರೆ ದಾರಿಯುದ್ದಕ್ಕೂ ಅತ್ತಳು. ಅದನ್ನು ನೋಡಿ ನೋಡಿ ಯಜಮಾನನಿಗೂ ಅಳುಕು ಹತ್ತಿತು; ಇಲ್ಲಿ ಬಂದು ನಿಂತಾಗ ಒಂದು ಪೀಪಾಯಿ ನೀರು ಮಿಕ್ಕಿತ್ತು, ಹಿಂದಿನ ಬಾವಿಗೆ ತಿರುಗಿ ಹೋಗಲು ಸಾಕಾಗುತ್ತಿತ್ತು. ಬಾವಿ ಆಳ, ಹಗ್ಗ ಗಿಡ್ಡ, ಹಗ್ಗಕ್ಕೆ ಹಗ್ಗ ಗಂಟುಹಾಕುವಷ್ಟರಲ್ಲಿ ಎತ್ತುಗಳು ಸಾಯುವ ಹಾಗಿದ್ದವು. ಏನು ಮಾಡುವುದೆಂದು ಅವನು ನಿನ್ನ ಹೆಂಡತಿಯ ಮುಖ ನೋಡಿದನು.

‘ಅವಳು ಇಳಿದು ಬಾವಿಯ ಸುತ್ತ ಓಡಿದಳು. ಏನನ್ನೋ ಹುಡುಕಿದಳು. ಕಟ್ಟೆಯ ಆಚೆ ಈಚೆ, ಕಲ್ಲಿನ ಹಿಂದೆ, ಎಲ್ಲ ಕಡೆ ನೋಡಿದಳು. ಅದು ಸಿಗಲಿಲ್ಲ. ಆಮೇಲೆ ಗೋಡೆಯ ಗೂಡುಗಳನ್ನು ಮುಟ್ಟಿ ನೋಡಿ, ಎದೆ ತಟ್ಟಿಕೊಂಡು, ನಕ್ಕಳು. ಬನ್ನಿ ಬನ್ನಿ ಎಂದು ಕೈಬೀಸಿ ಕರೆದಳು. ಆ ನಗು ನೋಡಿ ಯಜಮಾನ ಪೀಪಾಯಿಯ ನೀರನ್ನೆಲ್ಲ ಎತ್ತುಗಳಿಗೆ ಸುರಿದನು. ಅವಳು ಹುಡುಕಿದ್ದು ಏನಪ್ಪಾ?’ ಎಂದು ಬ್ರಿಜಿಟ್ ಕೇಳಿದಳು.

ಗೂಳಯ್ಯ ಹೇಗೆ ಹೇಳಿಯಾನು? ಬೋರಲು ಬಿಂದಿಗೆಯ ಅರ್ಥ ತಿಳಿದವರು ಈ ಕಾಡಿನಲ್ಲಿ ಯಾರಿದ್ದಾರೆಂದು ಕೇಳಿದವನು ಅವನೇ. ನಕ್ಷೆಯ ಮಾತು, ಕಿವಿಯ ಮಾತು ಎಲ್ಲವನ್ನೂ ಬದಿಗಿಟ್ಟು ಅವಳು ಗಂಡನ ಕೈಯನ್ನು ನಂಬಿದಳು. ಅವನು ನೆಲಕ್ಕೆ ಹಣೆ ಚಚ್ಚಿಕೊಂಡು, ‘ಕೆಂಚೀ, ನಿನ್ನನ್ನು ಕೊಂದದ್ದು ನಾನು ಕಣೇ’ ಎಂದು ಬಯಲೆಲ್ಲ ಕೇಳುವಂತೆ ಅತ್ತನಂತೆ. ಏಳು ಗುಪ್ಪೆಗಳನ್ನೂ ಅವನೇ ಕಟ್ಟಿದನು. ಕಬ್ಬಿಣದ ಗೂಟ ನೆಟ್ಟು, ಅವಳು ಸಮುದ್ರ ದಾಟಿಸಿ ತಂದ ಬಿಂದಿಗೆಯನ್ನು ಅದರ ಮೇಲೆ ಬೋರಲು ಹಾಕಿದನು.

ಆಮೇಲೆ ಅವನು ಆ ಜಾಗ ಬಿಡಲಿಲ್ಲ. ಹಿಂದಿನ ಬಾವಿಯಿಂದ ಒಂಟೆಯ ಮೇಲೆ ನೀರು ತಂದುಕೊಂಡು ದಾರಿಯಲ್ಲೇ ಗುಡಿಸಲು ಹಾಕಿದನು. ಹೆಸರು ತೆಗೆಯಿರೆಂದು ಅರ್ಜಿಯ ಮೇಲೆ ಅರ್ಜಿ ಬರೆಸಿದನು. ಮೂಲನಿವಾಸಿಗಳ ಹೆಸರನ್ನು ಬದಲಾಯಿಸುವ ಪದ್ಧತಿಯಿಲ್ಲವೆಂದು ಉತ್ತರ ಬಂತು. ದಾರಿ ತೋರಿಸಿದ ಮುದುಕನ ಜನ ಆ ಬಯಲನ್ನು ಕರೆಯುತ್ತಿದ್ದ ನಿಜವಾದ ಹೆಸರನ್ನು ಯಾರೂ ಕೇಳಲಿಲ್ಲ, ಅವರೂ ಆ ಸೀಮೆಯಿಂದ ಚದುರಿಹೋದರು. ವಯಸ್ಸಾದಂತೆ ಗೂಳಯ್ಯನ ನಾಲಗೆಯಿಂದ ಇಂಗ್ಲಿಷು ಉದುರಿಹೋಯಿತು. ಗಾಡಿ ಕಂಡರೆ ಅಡ್ಡ ನಿಂತು, ಎರಡೂ ಕೈಯೆತ್ತಿ ‘ನೀರಿಲ್ಲ! ನೀರಿಲ್ಲ!’ ಎಂದು ಅರಚುತ್ತಿದ್ದನು. ಗಾಡಿಯವರು ನಕ್ಷೆ ನೋಡಿಕೊಂಡು, ಸರಿಯಾದ ಜಾಗಕ್ಕೇ ಬಂದೆವೆಂದು ಹ್ಯಾಟು ತೆಗೆದು ಅವನಿಗೆ ವಂದನೆ ಹೇಳುತ್ತಿದ್ದರು. ಅವನು ಹೇಗೆ ಸತ್ತನೆಂದು ತಿಳಿಯದು. ಅವನಿಗೆ ಕಲ್ಲುಗುಪ್ಪೆ ಕಟ್ಟುವವರು ಯಾರೂ ಇರಲಿಲ್ಲ. ಆದ್ದರಿಂದ ಇವತ್ತಿಗೂ ಅಲ್ಲಿ ಏಳೇ ಇವೆ.

ಈಗ ಆ ದಾರಿಯಲ್ಲಿ ಪ್ರವಾಸಿಗಳು ಫ್ರಿಜ್ಜಿನಲ್ಲಿ ನೀರು ತುಂಬಿಕೊಂಡು ಬರುತ್ತಾರೆ. ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಮಕ್ಕಳು ಜಾಲರಿಗೆ ಬಾಯಿಟ್ಟು ಬಾವಿಯೊಳಗೆ ತಮ್ಮ ಹೆಸರು ಕೂಗುತ್ತಾರೆ. ಗೂಟದ ಮೇಲೆ ಕವುಚಿ ಕೂತ ಹಳೆಯ ಬಿಂದಿಗೆಯನ್ನು ಕಂಡು, ಪಾಪ, ಯಾರೋ ಹುಡುಗಾಟಕ್ಕೆ ಹೀಗೆ ಮಾಡಿರಬೇಕೆಂದುಕೊಳ್ಳುತ್ತಾರೆ. ಅದನ್ನು ಇಳಿಸಿ, ಮಣ್ಣು ಒರೆಸಿ, ಬಾವಿಯ ಕಟ್ಟೆಯ ಮೇಲೆ ಬಾಯಿ ಮೇಲಾಗಿ ನೆಟ್ಟಗೆ ಇಟ್ಟು ಹೋಗುತ್ತಾರೆ.