ಅಧ್ಯಕ್ಷರ ಬಂಪರಿನ ನಾಲ್ಕು ತೂತು

ನಮ್ಮೂರ ವರ್ತಕರ ಸಂಘದ ಅಧ್ಯಕ್ಷ ಚನ್ನವೀರಪ್ಪನವರ ಅವಧಿ ಮುಗಿಯಿತು. ಕಾರಿನ ಬಂಪರಿಗೆ ಬಿಗಿಸಿದ್ದ ‘ಅಧ್ಯಕ್ಷರು’ ಬೋರ್ಡನ್ನು ಬಿಚ್ಚಬೇಕಾಯಿತು. ನಾಲ್ಕು ತೂತು ಉಳಿದವು. ಕಾರು ಪೇಂಟರ್ ಹಿದಾಯತನ ಶೆಡ್ಡಿಗೆ ಬಂತು.

“ಬೆರಳಾಡಿಸಿದರೂ ಗೊತ್ತಾಗದ ಹಾಗೆ ಮುಚ್ಚು. ಮುಂದಿನ ಸಲ ಗೆಲ್ಲೋನು ನಾನೇ. ಆಗ ಕೂದಲೆಳೆಯಷ್ಟೂ ಸರಿಯದೆ ಅದೇ ಜಾಗದಲ್ಲಿ ಕೊರೀಬೇಕು. ತಪ್ಪಿದ್ರೆ ಸಂಘದ ಜಾಗದಲ್ಲಿ ನಿನ್ನ ಶೆಡ್ ಇರಲ್ಲ!” ಎಂದರು ಚನ್ನವೀರಪ್ಪನವರು.

“ಆಗಲಿ ಯಜಮಾನ್ರೇ,” ಎಂದ ಹಿದಾಯತ್.

ಹಿಂದಿನಿಂದ ಪ್ಲಾಸ್ಟಿಕ್ ಕರಗಿಸಿ ತುಂಬಿದ. ಮೇಲೆ ಪುಟ್ಟಿ ಬಳಿದ. ನೀರು ಹಾಕಿ ಹಾಕಿ ಎಮರಿ ಕಾಗದದಲ್ಲಿ ಉಜ್ಜಿ ಬಣ್ಣ ಹೊಡೆದ. ಬಂಪರು ಬೆಣ್ಣೆಯಂತಾಯಿತು.

ಮುಂದಿನ ಚುನಾವಣೆಯಲ್ಲಿ ಯಜಮಾನರು ಗೆದ್ದೇಬಿಟ್ಟರು. ಬೋರ್ಡ್ ಹಿಡಿದು, ಹಾರ ಹಾಕಿದವರನ್ನೆಲ್ಲ ಕರೆದುಕೊಂಡು ಬಂದರು. ಬಂಪರಿನ ಮೇಲೆ ಬೆರಳಾಡಿಸಿದರು. ಏನೂ ಸಿಗಲಿಲ್ಲ.

“ಈಗ ಕೊರಿ ನೋಡೋಣ!” ಎಂದು ನಕ್ಕರು.

ಹಿದಾಯತ್ ಗೋಡೆಯ ಮೊಳೆಯಿಂದ ಒಂದು ಹಳೇ ರಟ್ಟು ತೆಗೆದ. ಅದರಲ್ಲಿ ನಾಲ್ಕು ತೂತು. ರಟ್ಟಿನ ಅಂಚನ್ನು ನಂಬರ್ ಪ್ಲೇಟಿನ ಅಂಚಿಗೆ ಹೊಂದಿಸಿ, ಗುರುತು ಹಾಕಿ, ಕೊರೆದ.

ಯಜಮಾನರು ಜೇಬಿನಿಂದ ಚೀಟಿ ತೆಗೆದರು. ಮುಚ್ಚಿಸುವ ಮೊದಲೇ ಗುಟ್ಟಾಗಿ ಅಳತೆ ಬರೆದಿಟ್ಟುಕೊಂಡಿದ್ದರು! ಟೇಪು ಹಿಡಿದು ನೋಡಿದರೆ ಒಂದು ನೂಲೂ ವ್ಯತ್ಯಾಸವಿಲ್ಲ.

“ಭಲೇ! ನನಗೋಸ್ಕರ ಅಚ್ಚು ಮಾಡಿಟ್ಟಿದ್ದೀಯಲ್ಲಯ್ಯ! ಕೊಡು, ಮನೇಲಿ ಇಟ್ಕೋತೀನಿ.”

“ಹೋದ ಸಲ ನಿಮ್ಮ ಕಾರಿಗೂ, ನಿಮಗಿಂತ ಮುಂಚಿನ ಮೂವರು ಅಧ್ಯಕ್ಷರ ಕಾರಿಗೂ ಇದನ್ನೇ ಇಟ್ಟು ಕೊರೆದಿದ್ದು, ಯಜಮಾನ್ರೇ,” ಎನ್ನುತ್ತಾ ಹಿದಾಯತ್ ರಟ್ಟನ್ನು ಮತ್ತೆ ಮೊಳೆಗೆ ಸಿಕ್ಕಿಸಿದ. “ಇಲ್ಲೇ ಇರಲಿ. ನಿಮ್ಮ ನಂತರದವರಿಗೂ ಬೇಕಾಗುತ್ತೆ.”